ಬೆಳಕು ಬೇರೆ, ಬಿಳಿ ಬೇರೆ

ಪಾಡ್‌ಕಾಸ್ಟ್‌ನ ಬರಹರೂಪ

ಗುರುವಾಯನಕೆರೆಯಿಂದ ಮಾತಾಡ್ತಾ ಇದ್ದೇನೆ. ಹಿಂದಿನಿಂದ ಮಳೆಯ ಸದ್ದು ಕೇಳಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಜುಲೈ ತಿಂಗಳಲ್ಲಿ ನಮ್ಮೂರಲ್ಲಿ ಮಳೆ ನಿಲ್ಲಲಿ, ಮತ್ತೆ ರೆಕಾರ್ಡ್ ಮಾಡುವ ಅಂತ ಕೂತ್ರೆ ಎಪಿಸೋಡ್ ಬರೋದು ದೀಪಾವಳಿಗೇ.

ಮೊದಲು ನಿಮಗೆ ಒಂದು ಸಣ್ಣ ಕೆಲಸ. ಕೇಳ್ತಾ ಇರುವಾಗಲೇ ಫೋನಿನ ಸೆಲ್ಫಿ ಕ್ಯಾಮೆರಾ ಓಪನ್ ಮಾಡಿ. ಬ್ಯೂಟಿ ಮೋಡ್ ಅಂತ ಒಂದು ಉಂಟಲ್ಲ, ಅದನ್ನು ಪೂರ್ತಿ ಸೊನ್ನೆಗೆ ತನ್ನಿ. ಮುಖ ನೋಡಿ. ಈಗ ಅದನ್ನು ಪೂರ್ತಿ ಮೇಲಕ್ಕೆ ಎಳೆಯಿರಿ. ಎಂತ ಆಯ್ತು? ಮೊಡವೆ ಮಾಯ. ಕೆನ್ನೆ ನುಣುಪು. ಹೆಚ್ಚಿನ ಫೋನುಗಳಲ್ಲಿ ಇನ್ನೊಂದು ಸಂಗತಿಯೂ ಆಗ್ತದೆ: ನೀವು ಬೆಳ್ಳಗಾಗ್ತೀರಿ. ನೀವು ಕೇಳದೆಯೇ.

ಇವತ್ತಿನ ಮಾತು ಅದರ ಬಗ್ಗೆ. ಆದ್ರೆ ಫೋನಿನ ಕಡೆಯಿಂದ ಅಲ್ಲ, ಪೆನ್ಸಿಲ್ಲಿನ ಕಡೆಯಿಂದ.

ಲೆಕ್ಕದ ಕೆಲಸ, ಮುಖದ ಹುಚ್ಚು

ನಾನು ಓದಿದ್ದು ಬಿ.ಕಾಂ. ಹಗಲು ಲೆಕ್ಕಪತ್ರದ ಕೆಲಸ. ತಿಂಗಳ 20ನೇ ತಾರೀಕು ಹತ್ತಿರ ಬಂತು ಅಂದ್ರೆ ಜಿಎಸ್‌ಟಿ ರಿಟರ್ನ್ ಗಲಾಟೆ. ರಾತ್ರಿ ಊಟ ಆದ ಮೇಲೆ ಮುಖ ಬಿಡಿಸ್ತೇನೆ. ಆರ್ಟ್ ಸ್ಕೂಲಿಗೆ ಹೋದವನಲ್ಲ. ಯೂಟ್ಯೂಬ್ ನೋಡಿ, ಬಸ್ಸಿನಲ್ಲಿ ಎದುರು ಸೀಟಿನವರ ಮೂಗು ನೋಡಿ ಕಲಿತದ್ದು.

ಮುಖ ಬಿಡಿಸೋದರಲ್ಲಿ ಲೆಕ್ಕ ಉಂಟು, ಅದಕ್ಕೇ ನನಗೆ ಹಿಡಿಸಿರಬೇಕು. ಒಂದು ಉದಾಹರಣೆ ಹೇಳ್ತೇನೆ. ಮನುಷ್ಯರ ತಲೆಯಲ್ಲಿ ಕಣ್ಣು ಎಲ್ಲಿ ಉಂಟು ಅಂತ ಕೇಳಿದ್ರೆ ಎಲ್ಲರೂ ಮೇಲುಗಡೆ ಅಂತಾರೆ. ನೆತ್ತಿಯಿಂದ ಗಲ್ಲದವರೆಗೆ ಅಳೆದು ನೋಡಿ, ಕಣ್ಣು ಹೆಚ್ಚುಕಡಿಮೆ ಸರಿ ಅರ್ಧದಲ್ಲಿ ಬರ್ತದೆ. ಮುಖದ ಅಗಲ ಸುಮಾರು ಐದು ಕಣ್ಣಿನಷ್ಟು. ಎರಡು ಕಣ್ಣಿನ ನಡುವೆ ಇನ್ನೊಂದು ಕಣ್ಣು ಹಿಡಿಸುವಷ್ಟು ಜಾಗ. ಇಷ್ಟು ತಿಳಿದ್ರೆ 'ಯಾರದ್ದೋ ಮುಖ' ಬರ್ತದೆ. 'ಅವರದ್ದೇ ಮುಖ' ಬರಬೇಕಾದ್ರೆ, ಈ ಲೆಕ್ಕದಿಂದ ಆ ಮನುಷ್ಯ ಎಲ್ಲಿ, ಎಷ್ಟು ತಪ್ಪಿಸಿಕೊಂಡಿದ್ದಾರೆ ಅಂತ ನೋಡಬೇಕು. ಒಂದು ಹುಬ್ಬು ಒಂದು ಕೂದಲಿನಷ್ಟು ಮೇಲೆ. ಬಾಯಿಯ ಒಂದು ತುದಿ ಸ್ವಲ್ಪ ಕೆಳಗೆ. ಗುರುತು ಇರುವುದು ಆ ವ್ಯತ್ಯಾಸದಲ್ಲಿ.

ಸಾಮಾನು ಹೆಚ್ಚೇನೂ ಬೇಡ. ಎಚ್‌ಬಿ, 2ಬಿ, 4ಬಿ, 6ಬಿ ಪೆನ್ಸಿಲ್, ಒಂದು ಒಳ್ಳೆ ರಬ್ಬರ್, ದಪ್ಪ ಕಾಗದ. ನಮ್ಮ ಕರಾವಳಿಯವರಿಗೆ ನಿಜವಾದ ಶತ್ರು ಮಳೆಗಾಲ. ಗಾಳಿಯ ತೇವಕ್ಕೆ ಕಾಗದ ಮೆತ್ತಗಾಗ್ತದೆ, ಪೆನ್ಸಿಲ್ ಜಾರ್ತದೆ, ಕಪಾಟಿನಲ್ಲಿಟ್ಟ ಚಿತ್ರಕ್ಕೆ ಬೂಸ್ಟು ಬರ್ತದೆ. ಜಲವರ್ಣ ಒಣಗೋದಿಲ್ಲ, ತೈಲವರ್ಣ ಕೇಳೋದೇ ಬೇಡ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಣ್ಣದ ಕೆಲಸಕ್ಕೆ ನಾನು ಅಕ್ರಿಲಿಕ್ ಹಿಡಿಯೋದು. ಅದು ಬೇಗ ಒಣಗ್ತದೆ. ಇನ್ನೊಂದು ಕಿವಿಮಾತು: ಫ್ರೇಮ್ ಹಾಕಿಸುವಾಗ ಗಾಜು ಮತ್ತು ಚಿತ್ರದ ನಡುವೆ ಮೌಂಟ್ ಬೋರ್ಡ್ ಇಡಿಸಿ. ಇಲ್ಲದಿದ್ರೆ ಎರಡು ಮಳೆಗಾಲದಲ್ಲಿ ಚಿತ್ರ ಗಾಜಿಗೇ ಅಂಟಿರ್ತದೆ.

"ಸ್ವಲ್ಪ ಬಿಳಿ ಮಾಡಿ"

ಮುಖ ಬಿಡಿಸ್ತೇನೆ ಅಂತ ಊರಿಗೆ ಗೊತ್ತಾದ ಮೇಲೆ ನನ್ನ ಹತ್ರ ಬರುವ ಫೋಟೋಗಳಲ್ಲಿ ಅರ್ಧಕ್ಕರ್ಧ ತೀರಿಹೋದವರದ್ದು. ಇದು ಹವ್ಯಾಸ, ನಾನು ದುಡ್ಡು ತಗೊಳ್ಳೋದಿಲ್ಲ, ಆದ್ರೂ ಕೇಳಿ ಬರ್ತಾರೆ. ಯಾಕೆ ಅಂದ್ರೆ ನಮ್ಮ ಅಜ್ಜಿಯಂದಿರಿಗೆ ಫೋಟೋ ಇಲ್ಲ. ಇದ್ರೆ ವೋಟರ್ ಐಡಿಯಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಯಾರದ್ದೋ ಮದುವೆಯ ಗ್ರೂಪ್ ಫೋಟೋದಲ್ಲಿ ಮೂರನೇ ಸಾಲಲ್ಲಿ ಅರ್ಧ ಮುಖ. ಬೊಜ್ಜದ ದಿನ ಹೂವಿನ ಹಾರ ಹಾಕ್ಲಿಕ್ಕೆ ಒಂದು ಚಿತ್ರ ಬೇಕಲ್ಲ?

ಹಾಗೆ ಒಬ್ಬರು ಬಂದ್ರು. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ ಹೇಳ್ತೇನೆ. ತೀರಿಹೋದದ್ದು ಅವರ ತಾಯಿ. ಜೀವಮಾನ ಇಡೀ ಬೀಡಿ ಕಟ್ಟಿದವರು. ನಮ್ಮ ತಾಲೂಕಿನಲ್ಲಿ ಎಷ್ಟೋ ಮನೆಗಳ ಮಕ್ಕಳ ಫೀಸು ಬೀಡಿಯಿಂದಲೇ ಹೋದದ್ದು, ನಿಮಗೂ ಗೊತ್ತುಂಟು. ಬೊಜ್ಜಕ್ಕೆ ಒಂಬತ್ತು ದಿನ ಉಳಿದಿತ್ತು. ಅವರು ವೋಟರ್ ಐಡಿ ಕೊಟ್ಟು ಎರಡು ಮಾತು ಹೇಳಿದ್ರು. "ಸ್ವಲ್ಪ ಬಿಳಿ ಮಾಡಿ. ಕುತ್ತಿಗೆಗೆ ಒಂದು ಚಿನ್ನದ ಸರ ಹಾಕಿ."

ಈ ಮಾತು ನನಗೆ ಹೊಸತಲ್ಲ. ಹೆಚ್ಚುಕಡಿಮೆ ಎಲ್ಲರೂ ಹೇಳ್ತಾರೆ. ಮದುವೆ ಗಿಫ್ಟಿಗೆ ಬಿಡಿಸಿದ್ರೂ ಅದೇ, ತೀರಿಹೋದವರದ್ದು ಬಿಡಿಸಿದ್ರೂ ಅದೇ. ನನಗೆ ಸಿಟ್ಟು ಬರ್ತಿತ್ತು. ನಿಮ್ಮ ಅಮ್ಮ ಇದ್ದ ಹಾಗೆ ಇದ್ರೆ ನಿಮಗೆ ಸಾಲದಾ ಅಂತ ಕೇಳುವ ಅನ್ನಿಸ್ತಿತ್ತು. ಈ ಸಲ ಕೇಳಿಯೇ ಬಿಟ್ಟೆ, ಆದ್ರೆ ಮೆಲ್ಲ. "ಯಾಕೆ ಅಣ್ಣ, ಬಿಳಿ ಯಾಕೆ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ರು. ಮತ್ತೆ ಹೇಳಿದ್ರು: "ಅಮ್ಮ ಸಣ್ಣದಿರುವಾಗಿನಿಂದ ಕಪ್ಪು ಕಪ್ಪು ಅಂತ ಹೇಳಿಸ್ಕೊಂಡೇ ಬದುಕಿದ್ದು. ಮದುವೆಯೂ ಅದಕ್ಕೇ ತಡ ಆದದ್ದು. ಚಿತ್ರದಲ್ಲಾದ್ರೂ ಯಾರೂ ಹಾಗೆ ಹೇಳೋದು ಬೇಡ." ಸರದ ಬಗ್ಗೆ ಕೇಳಿದೆ. ಅದು ಇತ್ತಂತೆ. ಇವರ ಕಾಲೇಜು ಫೀಸಿಗೆ ಅಂತ ಅಡವು ಇಟ್ಟದ್ದು, ಬಿಡಿಸ್ಲಿಕ್ಕೆ ಆಗಲೇ ಇಲ್ಲ.

ಈಗ ನೀವೇ ಹೇಳಿ. ನಾನು ಷೋಕಿ ಅಂದುಕೊಂಡದ್ದರ ಒಳಗೆ ಒಬ್ಬ ಮಗನ ಸಾಲ ಇತ್ತು. ಎಂತ ಬಿಡಿಸೋದು?

ಚರ್ಮಕ್ಕೆ ಬಣ್ಣ ಕೊಟ್ಟವರು

ಸ್ವಲ್ಪ ದೊಡ್ಡ ಕಥೆಗೆ ಹೋಗುವ, ಯಾಕೆ ಅಂದ್ರೆ ಈ "ಸ್ವಲ್ಪ ಬಿಳಿ" ಆ ಮನೆಯಲ್ಲಿ ಹುಟ್ಟಿದ್ದಲ್ಲ.

ಸಣ್ಣದಿರುವಾಗ ನಮ್ಮ ಕ್ರೇಯಾನ್ ಪೆಟ್ಟಿಗೆಯಲ್ಲಿ ಸ್ಕಿನ್ ಕಲರ್ ಅಂತ ಒಂದು ಕಡ್ಡಿ ಇತ್ತು, ನೆನಪುಂಟಾ? ತಿಳಿ ಗುಲಾಬಿ. ನಮ್ಮ ಕ್ಲಾಸಿನಲ್ಲಿ ಆ ಬಣ್ಣದವರು ಒಬ್ಬರೂ ಇರ್ಲಿಲ್ಲ. ಅಮೆರಿಕದ ಕ್ರೇಯೋಲಾ ಕಂಪನಿ ತನ್ನ 'ಫ್ಲೆಶ್' ಬಣ್ಣದ ಹೆಸರನ್ನು 1962ರಲ್ಲೇ 'ಪೀಚ್' ಅಂತ ಬದಲಿಸಿತ್ತು. ನಮ್ಮಲ್ಲಿ ಆ ಹೆಸರು ಎಷ್ಟೋ ವರ್ಷ ಹಾಗೇ ಉಳೀತು. ಕೊನೆಗೆ ಬೆಂಗಳೂರಿನ ಒಬ್ಬ ಕಾನೂನು ವಿದ್ಯಾರ್ಥಿ ಇದು ಸರಿಯಲ್ಲ ಅಂತ ಗ್ರಾಹಕರ ವೇದಿಕೆಗೆ ದೂರು ಕೊಟ್ಟ. ಫೇರ್ ಅಂಡ್ ಲವ್ಲಿ ಕ್ರೀಮ್ ಗ್ಲೋ ಅಂಡ್ ಲವ್ಲಿ ಆದದ್ದಂತೂ 2020ರಲ್ಲಿ, ಮೊನ್ನೆ ಮೊನ್ನೆ.

ಫೋಟೋ ಸುಳ್ಳು ಹೇಳೋದಿಲ್ಲ ಅಂತಾರಲ್ಲ, ಅದೂ ಪೂರ್ತಿ ಸರಿಯಲ್ಲ. ಕಲರ್ ಫಿಲ್ಮ್ ಕಾಲದಲ್ಲಿ ಕೊಡಾಕ್ ಕಂಪನಿ ಲ್ಯಾಬುಗಳಿಗೆ ಒಂದು ಮಾದರಿ ಕಾರ್ಡ್ ಕಳಿಸ್ತಿತ್ತು. ಅದರಲ್ಲಿ ಒಬ್ಬ ಬಿಳಿಯ ಹೆಂಗಸಿನ ಫೋಟೋ. ಶರ್ಲಿ ಕಾರ್ಡ್ ಅಂತ ಹೆಸರು. ಅವಳ ಬಣ್ಣ ಸರಿ ಬಂದ್ರೆ ಪ್ರಿಂಟ್ ಸರಿ. ಕಪ್ಪು ಮುಖದ ಕಣ್ಣು, ಕೆನ್ನೆ ಎಲ್ಲ ಒಂದೇ ಕಪ್ಪು ಮುದ್ದೆಯಾದ್ರೆ ಅದು ಯಾರ ಲೆಕ್ಕಕ್ಕೂ ಬರ್ತಿರ್ಲಿಲ್ಲ. ಗೂಗಲ್ ತನ್ನ ಪಿಕ್ಸೆಲ್ 6 ಫೋನಿನಲ್ಲಿ 'ರಿಯಲ್ ಟೋನ್' ಅಂತ ತಂದು, ಎಲ್ಲ ಮೈಬಣ್ಣವನ್ನೂ ಇದ್ದ ಹಾಗೆ ತೋರಿಸ್ತೇವೆ ಅಂತ ಹೇಳಿಕೊಂಡದ್ದು 2021ರಲ್ಲಿ. ಅಂದ್ರೆ ಅಲ್ಲಿಯವರೆಗೂ ಅದೊಂದು ಬಾಕಿ ಕೆಲಸವೇ ಆಗಿತ್ತು.

ಬಣ್ಣ ಇಲ್ಲದೆಯೂ ಮುಖ ಸಿಗ್ತದೆ ಅನ್ನೋದಕ್ಕೆ ನಮ್ಮ ಕಡೆಯೇ ಉದಾಹರಣೆ ಉಂಟು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಒಮ್ಮೆ ಹುಡುಕಿ ನೋಡಿ. ನಾಲ್ಕೈದು ಗೆರೆಯಲ್ಲಿ ಕುಣಿಯುವ ಮನುಷ್ಯ ನಿಂತಿರ್ತಾನೆ. ಬಿಳಿಯಾ, ಕಪ್ಪಾ ಅಂತ ಕೇಳ್ಲಿಕ್ಕೆ ನಮಗೆ ನೆನಪೇ ಆಗೋದಿಲ್ಲ. ಅಮೆರಿಕದ ಏಮಿ ಶೆರಾಲ್ಡ್ 2018ರಲ್ಲಿ ಮಿಶೆಲ್ ಒಬಾಮಾ ಅವರ ಅಧಿಕೃತ ಭಾವಚಿತ್ರ ಬಿಡಿಸಿದಾಗ ಚರ್ಮಕ್ಕೆ ಬಳಿದದ್ದು ಬೂದು ಬಣ್ಣ. ಅವರ ಚಿತ್ರಗಳಲ್ಲಿ ಎಲ್ಲರ ಮೈಯೂ ಬೂದು.

ಇನ್ನು ನಮ್ಮ ವೇಣೂರು. 1604ರಲ್ಲಿ ನಿಂತ ಬಾಹುಬಲಿ, ಸುಮಾರು 35 ಅಡಿ ಕಲ್ಲು. 2024ರ ಮಹಾಮಸ್ತಕಾಭಿಷೇಕದಲ್ಲಿ ಹಾಲು ಸುರಿದಾಗ ಬೆಳ್ಳಗೆ, ಅರಿಶಿನ ಸುರಿದಾಗ ಹಳದಿ, ನೀರು ಬಿದ್ದ ಮೇಲೆ ಮತ್ತೆ ಕಲ್ಲಿನ ಬಣ್ಣ. ಬಣ್ಣ ಎಷ್ಟು ಸಲ ಬದಲಾದ್ರೂ ಆ ತುಟಿಯ ನಗು ಒಂಚೂರೂ ಆಚೀಚೆ ಆಗ್ಲಿಲ್ಲ.

ಆ ಏಳು ರಾತ್ರಿ

ಸರಿ, ಅಮ್ಮನ ಚಿತ್ರಕ್ಕೆ ವಾಪಸ್ ಬರುವ. ಫ್ರೇಮಿಗೆ ಎರಡು ದಿನ ಬೇಕು. ನನಗೆ ಉಳಿದದ್ದು ಏಳು ರಾತ್ರಿ.

ವೋಟರ್ ಐಡಿಯ ಫೋಟೋ ಹೇಗಿರ್ತದೆ ಗೊತ್ತಲ್ಲ. ಮುಖ ಇಡೀ ಮಸಿ. ಕಣ್ಣು ಎಲ್ಲಿ ಮುಗೀತು, ನೆರಳು ಎಲ್ಲಿ ಶುರುವಾಯ್ತು ಅಂತ ಗೊತ್ತಾಗೋದಿಲ್ಲ. ಆ ಮಸಿ ಅವರ ಬಣ್ಣ ಅಲ್ಲ, ಪ್ರಿಂಟಿನ ಬಣ್ಣ. ಅವರ ಮನೆಗೆ ಹೋಗಿ ಕೂತೆ. ಮೊಮ್ಮಗಳು ಪಿಯುಸಿ ಓದುವವಳು. ಅಜ್ಜಿ ಹೇಗಿದ್ರು ಹೇಳು ಅಂದೆ. "ಒಳ್ಳೆಯವರು" ಅಂದ್ಲು. ಅದರಿಂದ ಚಿತ್ರ ಬರೋದಿಲ್ಲ. ಬೀಡಿ ಕಟ್ಟುವಾಗ ಹೇಗೆ ಕೂರ್ತಿದ್ರು ಅಂತ ಕೇಳಿದೆ. ಆಗ ಶುರುವಾಯ್ತು. ಮಡಿಲಲ್ಲಿ ತಡ್ಪೆ, ಬಾಗಿಲಿನ ಬೆಳಕಿಗೆ ಎಡಗೆನ್ನೆ ಕೊಟ್ಟು ಕೂರ್ತಿದ್ರಂತೆ. ಕಟ್ಟು ಎಣಿಸುವಾಗ ಯಾರಾದ್ರೂ ಮಾತಾಡಿಸಿದ್ರೆ ಎಡಹುಬ್ಬು ಮೇಲೆ ಹೋಗ್ತಿತ್ತಂತೆ, ಸುಮ್ಮನಿರು ಅಂತ. ಮಗಳು ಮಾಡಿ ತೋರಿಸಿದ್ಲು. ಅವಳ ಮುಖದಲ್ಲಿ ಆ ಹುಬ್ಬು ಹಾಗೇ ಇತ್ತು. ಅವಳ ಒಪ್ಪಿಗೆ ತಗೊಂಡು ಆ ಹುಬ್ಬಿನ ಫೋಟೋ ತೆಗೆದೆ.

ಈಗ ಬಣ್ಣದ ವಿಷಯ. ಇದನ್ನು ಬಿಡಿಸುವವರು ಗಮನ ಇಟ್ಟು ಕೇಳಿ. ಕಪ್ಪು ಚರ್ಮಕ್ಕೆ ಕಪ್ಪು ಟ್ಯೂಬ್ ಮುಟ್ಟಬೇಡಿ, ಮುಖ ಸತ್ತ ಹಾಗೆ ಆಗ್ತದೆ. ಬರ್ನ್ಟ್ ಸಿಯೆನ್ನಾ, ಯೆಲ್ಲೋ ಓಕರ್, ಅದಕ್ಕೆ ಅಲ್ಟ್ರಾಮರೀನ್ ನೀಲಿ. ನೆರಳಿನಲ್ಲಿ ಬರ್ನ್ಟ್ ಅಂಬರ್ ಮತ್ತು ಅದೇ ನೀಲಿ. ಕಪ್ಪು ಚರ್ಮದಲ್ಲಿ ಬೆಳಕು ಬಿದ್ದ ಜಾಗ ಎದ್ದು ಕಾಣ್ತದೆ. ಹಣೆ, ಕೆನ್ನೆಮೂಳೆ, ಮೂಗಿನ ತುದಿ. ಬಾಗಿಲಿನಿಂದ ಬರುವ ಮಳೆಗಾಲದ ಬೆಳಕಾದ್ರೆ ಅಲ್ಲಿ ಸಣ್ಣಗೆ ನೀಲಿ ಹೊಳೀತದೆ. ಅದನ್ನು ಗುರುತಿಸ್ಲಿಕ್ಕೆ ಕಣ್ಣು ಅರ್ಧ ಮುಚ್ಚಿ ನೋಡಬೇಕು. ಆಗ ಬಣ್ಣ ಹಿಂದೆ ಸರಿದು ಬೆಳಕು, ನೆರಳು ಮಾತ್ರ ಉಳೀತದೆ.

ನಾನು ಚರ್ಮ ಬಿಳಿ ಮಾಡ್ಲಿಲ್ಲ. ಬೆಳಕು ಜಾಸ್ತಿ ಮಾಡಿದೆ. ಬಾಗಿಲನ್ನು ಇನ್ನಷ್ಟು ತೆರೆದ ಹಾಗೆ. ಸರ ಹಾಕಿದೆ. ಅದು ಅವರದ್ದೇ ಆಗಿತ್ತಲ್ಲ. ಲೆಕ್ಕದ ಭಾಷೆಯಲ್ಲಿ ಹೇಳೋದಾದ್ರೆ ಅವರ ಖಾತೆಗೆ ಬರಬೇಕಾದ ಬಾಕಿ.

ಕೊಡ್ಲಿಕ್ಕೆ ಹೋದಾಗ ಎದೆ ಡವಡವ. ಯಾಕೆ ಅಂದ್ರೆ ಅವರ ಅಮ್ಮ, ಅವರ ಗೋಡೆ. ಬೇಡ ಅಂದ್ರೆ ವಾಪಸ್ ತರ್ತೇನೆ ಅಂತ ಮೊದಲೇ ಹೇಳಿದ್ದೆ. ಮಗ ತುಂಬ ಹೊತ್ತು ನೋಡಿದ್ರು. "ಇನ್ನೂ ಸ್ವಲ್ಪ ಬಿಳಿ ಮಾಡಬಹುದಿತ್ತು" ಅಂದ್ರು. ಅಷ್ಟರಲ್ಲಿ ಅಮ್ಮನ ತಂಗಿ ಬಂದ್ರು, ಕಣ್ಣು ಮಂಜು. ಫ್ರೇಮನ್ನು ಮೂಗಿನ ಹತ್ತಿರ ತಂದು ನೋಡಿ, ತುಳುವಿನಲ್ಲಿ ಕೇಳಿದ್ರು: "ಅಕ್ಕನ ಸರ ಬಿಡಿಸಿ ತಂದ್ರಾ?"

ಮಗ ಮತ್ತೆ ಬಣ್ಣದ ಮಾತು ಎತ್ತಲಿಲ್ಲ. ಚಿತ್ರ ಗೋಡೆಯಲ್ಲಿ ಉಂಟು.

ನಿಮಗೆ ಹೇಳೋದು

ಫೋಟೋವನ್ನು ಎರಡು ಸೆಕೆಂಡಿನಲ್ಲಿ ಪೆನ್ಸಿಲ್ ಸ್ಕೆಚ್ ಮಾಡುವ ಆ್ಯಪ್ ಇರುವಾಗ ಕೈಯಲ್ಲಿ ಯಾಕೆ ಅಂತ ಎಷ್ಟೋ ಜನ ಮೆಸೇಜ್ ಮಾಡ್ತೀರಿ. ಆ್ಯಪ್‌ಗೆ ಬಾಗಿಲು ಯಾವ ಕಡೆ ಇತ್ತು ಅಂತ ಗೊತ್ತಿಲ್ಲ. ಬಿಳಿ ಯಾಕೆ ಅಂತ ಅದು ಕೇಳೋದೂ ಇಲ್ಲ. ಕೈಯಲ್ಲಿ ಬಿಡಿಸುವವರು ಕೇಳಬೇಕಾಗ್ತದೆ, ಕೇಳಿದ್ರೆ ಮನೆಯವರು ಹೇಳ್ತಾರೆ.

ಚಿತ್ರ ಬರದವರೂ ಒಂದು ಕೆಲಸ ಮಾಡಬಹುದು. ಈ ಭಾನುವಾರ ಮನೆಯ ಹಿರಿಯರೊಬ್ಬರನ್ನು ಕಿಟಕಿಯ ಪಕ್ಕ, ಇಲ್ಲದಿದ್ರೆ ಬಾಗಿಲಿನ ಬೆಳಕಿಗೆ ಕೂರಿಸಿ. ಬ್ಯೂಟಿ ಮೋಡ್ ಆಫ್ ಮಾಡಿ. ಮುಖದ ಹತ್ತಿರದಿಂದ ಒಂದು ಫೋಟೋ, ಕೆಲಸ ಮಾಡುವಾಗ ಒಂದು ಫೋಟೋ ತೆಗೀರಿ. ಅವರಿಗೆ ತೋರಿಸಿ, ಅವರು ಸರಿ ಅಂದದ್ದನ್ನು ಪ್ರಿಂಟ್ ಹಾಕಿಸಿ. ಯಾರೂ ವೋಟರ್ ಐಡಿ ಹಿಡಿದುಕೊಂಡು ಮಳೆಯಲ್ಲಿ ಓಡುವ ಹಾಗೆ ಆಗೋದು ಬೇಡ.

ಬಿಡಿಸುವವರು ಯಾರಾದ್ರೂ ಇದ್ರೆ, ನಿಮಗೆ ಯಾರು ಎಂತ ಬದಲಾಯಿಸ್ಲಿಕ್ಕೆ ಹೇಳಿದ್ರು, ನೀವು ಎಂತ ಮಾಡಿದ್ರಿ, ವಾಯ್ಸ್ ನೋಟ್ ಕಳಿಸಿ. ಮುಂದಿನ ಸಲ ಅದನ್ನೇ ಕೇಳುವ.