ಪದ ಒಂದೇ, ಧಾಟಿ ಬೇರೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಆಗಸ್ಟ್ 15 ಬಂತೆಂದರೆ ನಮ್ಮ ಶಾಲೆಗಳಲ್ಲಿ 'ಸಾರೇ ಜಹಾಂ ಸೆ ಅಚ್ಛಾ' ಕೇಳಿಸಲೇಬೇಕು. ಅಲ್ಲಾಮಾ ಇಕ್ಬಾಲ್ ಬರೆದ ಈ ಕವನ 1904ರ ಆಗಸ್ಟ್‌ನಲ್ಲಿ 'ಇತ್ತೆಹಾದ್' ವಾರಪತ್ರಿಕೆಯಲ್ಲಿ ಪ್ರಕಟವಾಯಿತು. ಆದರೆ ಇಂದು ನಾವು ಹಾಡುವ ಧಾಟಿ ಇಕ್ಬಾಲರ ಕಾಲದ್ದಲ್ಲ. ಹಿಂದೆ ಇದನ್ನು ನಿಧಾನವಾಗಿ ಹಾಡುತ್ತಿದ್ದರು. 1945ರಲ್ಲಿ ಜನನಾಟ್ಯ ಸಂಘ 'ಇಪ್ಟಾ'ಗಾಗಿ ಪಂಡಿತ್ ರವಿಶಂಕರ್ ಇದಕ್ಕೆ ಹೊಸ ಧಾಟಿ ಕೂರಿಸಿ ಚುರುಕು ತಂದರು. ಒಂದು ಅಕ್ಷರವೂ ಬದಲಾಗಲಿಲ್ಲ. ಆದರೂ ಹಾಡಿನ ಭಾವ ಬದಲಾಯಿತು.

ಜನವರಿ 29ರಂದು ದೆಹಲಿಯ ಬೀಟಿಂಗ್ ರಿಟ್ರೀಟ್‌ನಲ್ಲಿ ಸೇನೆಯ ಬ್ಯಾಂಡ್ ಇದನ್ನು ನುಡಿಸುವುದನ್ನು ನೀವು ಟಿ.ವಿ.ಯಲ್ಲಿ ಕೇಳಿರಬಹುದು. ಅಲ್ಲಿ ಮಾತೇ ಇಲ್ಲ. ಡ್ರಮ್ಮಿನ ಪೆಟ್ಟಿಗೆ ಹೆಜ್ಜೆ ತಾನಾಗಿ ಏಳುತ್ತದೆ. ತೋಟದ ಬುಲ್‌ಬುಲ್ ಹಕ್ಕಿಯ ಮಾತಾಡಿದ ಕವನ ಅಲ್ಲಿ ಸಿಪಾಯಿಯ ನಡಿಗೆಯಾಗುತ್ತದೆ.

ಇದರಿಂದ ನಮಗೆ ಲಾಭವಾಗಿದೆ. ಉರ್ದು ಬಾರದ ಮಗುವಿನ ನಾಲಿಗೆಯ ಮೇಲೂ ಈ ಕವನ ಉಳಿದಿದೆ. ಆದರೆ ನಷ್ಟವೂ ಉಂಟು. ಮೂಲದಲ್ಲಿ ಒಂಬತ್ತು ಶೇರ್‌ಗಳಿವೆ. ನಾವು ಸಾಮಾನ್ಯವಾಗಿ ಹಾಡುವುದು ನಾಲ್ಕು. ಎರಡನೆಯ ಶೇರ್ 'ಗುರ್ಬತ್' ಕುರಿತದ್ದು. ಈಗ ಈ ಪದಕ್ಕೆ ಬಡತನವೆಂದೇ ಅರ್ಥ ಹೇಳುತ್ತಾರೆ. ಕವಿಯ ಮನಸ್ಸಿನಲ್ಲಿರುವುದು ಪರಸ್ಥಳದ ಬದುಕು, ಊರಿನ ಹಂಬಲ. ಕೊನೆಯ ಶೇರ್‌ನಲ್ಲಿ ಕವಿ ತನ್ನ ಹೆಸರನ್ನೇ ಕರೆದುಕೊಂಡು, ಯಾರಿಗೂ ತಿಳಿಯದ ಒಳನೋವನ್ನು ಹೇಳಿಕೊಳ್ಳುತ್ತಾರೆ. ಇಷ್ಟು ಹೆಮ್ಮೆಯ ಕವನ ಒಂಟಿತನದಲ್ಲಿ ಮುಗಿಯುತ್ತದೆಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಕವಾಯತಿನ ಲಯಕ್ಕೆ ಆ ನೋವು ಒಗ್ಗುವುದಿಲ್ಲ. ನಿಧಾನದ ಧಾಟಿಯಲ್ಲಿ, ಒಂದೇ ದನಿಯಲ್ಲಿ ಹಾಡಿದರೆ ಅದಕ್ಕೆ ಜಾಗ ಸಿಗುತ್ತದೆ.

ದನಿಯ ವಿಷಯವೂ ಹೀಗೆಯೇ. ಧರ್ಮ ಹಗೆಯನ್ನು ಕಲಿಸುವುದಿಲ್ಲವೆಂಬ ಆರನೆಯ ಶೇರನ್ನು ಒಬ್ಬ ಬಾಲಕಿ ಹಾಡಿದರೆ ಅದು ಬುದ್ಧಿಮಾತು. ಇಡೀ ಶಾಲೆ ಒಟ್ಟಾಗಿ ಹಾಡಿದರೆ ಅದೇ ಪ್ರತಿಜ್ಞೆ.

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಮುಶಾಯಿರಾಗಳಲ್ಲಿ ಕೆಲವರು 'ತಹತ್' ಓದುತ್ತಾರೆ, ಅಂದರೆ ರಾಗವಿಲ್ಲದೆ ಮಾತಿನ ತೂಕದಿಂದ. ಕೆಲವರು 'ತರನ್ನುಮ್'ನಲ್ಲಿ, ಅಂದರೆ ರಾಗವಾಗಿ ಓದುತ್ತಾರೆ. ಎರಡರಲ್ಲೂ ವಾದ್ಯದ ಗದ್ದಲವಿಲ್ಲ. ಕನ್ನಡದ ಗಮಕ ವಾಚನದಲ್ಲೂ ಕಾವ್ಯವೇ ಮುಂದೆ, ರಾಗ ಅದರ ಹಿಂದೆ.

ವಿದ್ಯಾರ್ಥಿಗಳೇ, ಒಂದು ಕೆಲಸ ಮಾಡಿ. ಒಂಬತ್ತೂ ಶೇರ್‌ಗಳನ್ನು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಅರ್ಥ ತಿಳಿಯದ ಪದಗಳನ್ನು ಗುರುಗಳಲ್ಲಿ ಕೇಳಿ. ಮೊದಲು ತಹತ್ ಓದಿ, ನಂತರ ಒಬ್ಬರೇ ನಿಧಾನವಾಗಿ ಹಾಡಿ, ಕೊನೆಗೆ ಎಲ್ಲರೂ ಸೇರಿ ಬ್ಯಾಂಡಿನೊಂದಿಗೆ ಹಾಡಿ. ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿಯೂ ಇಷ್ಟೇ: ಮಕ್ಕಳಿಗೆ ಧಾಟಿ ಕಲಿಸುವ ಮುನ್ನ ಕವನ ಕಲಿಸೋಣ. ಹಾಗೆ ಕಲಿತ ಮಗು ಧ್ವಜದ ಮುಂದೆ ನಿಂತು ಹಾಡುವಾಗ, ಹಾಡದೆ ಬಿಟ್ಟ ಐದು ಶೇರ್‌ಗಳೂ ಅದರ ಮನಸ್ಸಿನಲ್ಲಿರುತ್ತವೆ.