ಹಳೆಯ ಬಾಕಿಗೆ ಹೊಸ ಗಾಡಿಯ ಹೊದಿಕೆ ಬೇಡ

(ಹೊಸೂರಿನ ಕಾರ್ಮಿಕ ಬಂಧುಗಳ ಕೂಟದಲ್ಲಿ ಉಪದೇಶಿಯೊಬ್ಬರು ಮಾಡಿದ ಭಾಷಣ)



ಕಾರು ಎಂದರೆ ಸಾಹುಕಾರರ ಸ್ವತ್ತು ಎನ್ನುವ ಕಾಲ ಹೋಯಿತು. ನಮ್ಮಲ್ಲಿ ಅನೇಕರಿಗೆ ಅದು ಹೊಟ್ಟೆಪಾಡು. ಶಿಫ್ಟಿನ ಕಾರ್ಮಿಕರನ್ನು ಕರೆತರಲು, ಅತ್ತಿಬೆಲೆ ದಾಟಿ ಬೆಂಗಳೂರಿಗೆ ಬಾಡಿಗೆ ಹೋಗಲು ಸಾಲ ಮಾಡಿ ಗಾಡಿ ತೆಗೆದುಕೊಂಡಿದ್ದೇವೆ. ಮೂರು ವರ್ಷ ಓಡಿದ ಮೇಲೆ ರಿಪೇರಿ ಖರ್ಚು ಏರುತ್ತದೆ. ಆಗ ಮಾರುವವರು, "ಹಳೆಯದನ್ನು ಕೊಟ್ಟು ಹೊಸದು ತಗೊಳ್ಳಿ, ಹಳೆಯ ಸಾಲ ನಾವು ನೋಡಿಕೊಳ್ಳುತ್ತೇವೆ" ಎನ್ನುತ್ತಾರೆ. ಈ ಮಾತನ್ನು ಬಿಚ್ಚಿ ನೋಡೋಣ.

ಶೇಕಡಾ 10ರ ಬಡ್ಡಿಗೆ 6,00,000 ರೂಪಾಯಿ ಸಾಲ, 84 ಕಂತು ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 9,960. ಮೊದಲನೆಯ ಕಂತಿನಲ್ಲಿ 5,000 ಬಡ್ಡಿಗೇ ಹೋಗುತ್ತದೆ. ಮೂರು ವರ್ಷದಲ್ಲಿ ನಾವು ಕಟ್ಟಿದ್ದು 3,58,000ಕ್ಕೂ ಹೆಚ್ಚು. ಆದರೂ ಅಸಲು ಬಾಕಿ ಸುಮಾರು 3,92,700. ಬಾಡಿಗೆಗೆ ಓಡಿ ಸವೆದ ಗಾಡಿಗೆ 3,00,000 ಬೆಲೆ ಕಟ್ಟಿದರೆ, ಗಾಡಿ ಕೊಟ್ಟ ಮೇಲೂ 92,700 ಸಾಲ ಉಳಿಯಿತು. ಅವಧಿಗೆ ಮುಂಚೆ ಸಾಲ ಮುಗಿಸಿದ್ದಕ್ಕೆ ಶುಲ್ಕವಿದ್ದರೆ ಅದು ಬೇರೆ.

ಆ 92,700 ಎಲ್ಲಿ ಹೋಗುತ್ತದೆ? ಹೊಸ ಸಾಲದೊಳಗೆ ಸೇರುತ್ತದೆ. ಅದೇ ಬಡ್ಡಿಗೆ ಇನ್ನೂ 84 ಕಂತಾದರೆ, ತಿಂಗಳಿಗೆ ಸುಮಾರು 1,540ರಂತೆ ಒಟ್ಟು 1,29,000ದಷ್ಟು ಕಟ್ಟಬೇಕು. ನಮ್ಮ ಮನೆ ಮುಂದೆ ಇಲ್ಲದ ಗಾಡಿಗೆ ಏಳು ವರ್ಷ ಕಂತು! ಹೊಸ ಗಾಡಿಯೂ ಮೊದಲ ದಿನದಿಂದಲೇ ಬೆಲೆಗಿಂತ ಹೆಚ್ಚಿನ ಸಾಲ ಹೊತ್ತು ಹೊರಡುತ್ತದೆ.

ಇನ್ನೊಂದು ಅಪಾಯವಿದೆ. ಸಾಲ ತೀರಿಸುತ್ತೇವೆಂದು ಗಾಡಿ ಒಯ್ದವರು ತೀರಿಸದಿದ್ದರೆ ಕಂತು ನಮ್ಮ ತಲೆಯ ಮೇಲೆಯೇ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯಿಲ್ಲದೆ ಆರ್.ಸಿ. ಬೇರೆಯವರ ಹೆಸರಿಗೆ ಆಗದು. ಹೆಸರು ಬದಲಾಗದೆ ಆ ಗಾಡಿ ಅಪಘಾತ ಮಾಡಿದರೆ, ದಾಖಲೆಯಲ್ಲಿರುವ ಮಾಲೀಕನೇ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ನಮ್ಮದು ಗಡಿನಾಡು; ತಮಿಳುನಾಡಿನ ಗಾಡಿ ಕರ್ನಾಟಕದವರ ಪಾಲಾದರೆ ಇಲ್ಲಿನ ಆರ್.ಟಿ.ಓ. ಕಚೇರಿಯ ನಿರಾಕ್ಷೇಪಣಾ ಪತ್ರವೂ ಬೇಕು.

ಹಾಗಾದರೆ ಏನು ಮಾಡಬೇಕು? ಮೊದಲು, ಇಂದಿಗೆ ಬಾಕಿ ಎಷ್ಟೆಂದು ಸಾಲ ಕೊಟ್ಟವರಿಂದ ಬರಹದಲ್ಲಿ ಕೇಳಿ. ಗಾಡಿ ಇನ್ನೂ ಓಡುವಂತಿದ್ದರೆ ರಿಪೇರಿ ಮಾಡಿಸಿ ಓಡಿಸಿ. ಮೇಲಿನ ಲೆಕ್ಕದಲ್ಲಿ ಇನ್ನೊಂದು ವರ್ಷ ಕಟ್ಟಿದರೆ ಬಾಕಿ ಸುಮಾರು 84,000 ಇಳಿಯುತ್ತದೆ. ಮಾರಲೇಬೇಕಾದರೆ ಹಣ ನೇರವಾಗಿ ಸಾಲದ ಖಾತೆಗೆ ಹೋಗಲಿ. ಉಳಿದ ಅಂತರವನ್ನು ಚೀಟಿಯಿಂದಲೋ ಉಳಿತಾಯದಿಂದಲೋ ತುಂಬಿ. ಸಾಲ ತೀರಿದ ಪತ್ರ ಮತ್ತು ಇಬ್ಬರೂ ಸಹಿ ಹಾಕಿದ ಫಾರಂ 35 ಕೈಗೆ ಬರುವ ತನಕ ಸುಮ್ಮನಿರಬೇಡಿ. ಕಂತು ಕಟ್ಟಲಾಗದ ಸ್ಥಿತಿ ಬಂದರೆ, ತಪ್ಪುವ ಮುಂಚೆಯೇ ಹೋಗಿ ಗಡುವು ಬದಲಿಸಿಕೊಡಲು ಕೇಳಿ.

ಹೊಸ ಸಾಲಕ್ಕೆ ಸಹಿ ಹಾಕುವವರೂ ಕೇಳಿರಿ: 1-10-2024ರಿಂದ ಬಡ್ಡಿ, ಶುಲ್ಕ ಎಲ್ಲವನ್ನೂ ತೋರಿಸುವ ಮುಖ್ಯಾಂಶಗಳ ಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಕನ್ನಡ ಮಾತ್ರ ಓದಬಲ್ಲವರು ಕನ್ನಡದಲ್ಲೇ ಕೇಳಿ. ಅದು ಬೇಡಿಕೆಯಲ್ಲ, ಹಕ್ಕು.

ಅರಸುಗಳ ಎರಡನೆಯ ಗ್ರಂಥದಲ್ಲಿ ಒಬ್ಬ ವಿಧವೆಯ ಸಂಗತಿ ಇದೆ. ಸಾಲ ಕೊಟ್ಟವನು ಅವಳ ಇಬ್ಬರು ಮಕ್ಕಳನ್ನು ಜೀತಕ್ಕೆ ಒಯ್ಯಲು ಬಂದಿದ್ದ. ಪ್ರವಾದಿ ಎಲೀಷನು ಅವಳಿಗೆ ಇನ್ನೊಂದು ಸಾಲ ಕೊಡಿಸಲಿಲ್ಲ. ಮನೆಯಲ್ಲಿ ಏನಿದೆ ಎಂದು ಮೊದಲು ವಿಚಾರಿಸಿದ. ಇದ್ದದ್ದು ಒಂದು ಕುಡಿಕೆ ಎಣ್ಣೆ. ನೆರೆಹೊರೆಯವರಿಂದ ಬರೀ ಪಾತ್ರೆಗಳನ್ನು ತರಿಸಿದ. ಎಣ್ಣೆ ತುಂಬಿದ ಮೇಲೆ, ಮೊದಲು ಸಾಲ ತೀರಿಸು, ಉಳಿದುದರಲ್ಲಿ ಮಕ್ಕಳೊಡನೆ ಬದುಕು ಎಂದ. ದೇವರ ಕೃಪೆ ನೆರೆಯವರ ಪಾತ್ರೆಗಳಲ್ಲಿ ತುಂಬಿತೆಂಬುದನ್ನು ನಾವು ಮರೆಯಬಾರದು.

ಸಾಲದ ಮಾತನ್ನು ನಾಚಿಕೆಯಿಂದ ಬಚ್ಚಿಟ್ಟುಕೊಳ್ಳುವವನು ಒಂಟಿಯಾಗುತ್ತಾನೆ. ಒಂಟಿಯಾದವನೇ ಸಿಕ್ಕಿದ ಕಾಗದಕ್ಕೆ ಸಹಿ ಹಾಕುತ್ತಾನೆ. ಆದ್ದರಿಂದ ಗಾಡಿ ಬದಲಿಸುವ ಯೋಚನೆ ಇದ್ದವರು ಕಾಗದಗಳನ್ನು ಹಿಡಿದು ಭಾನುವಾರ ಆರಾಧನೆ ಮುಗಿದ ಮೇಲೆ ಬನ್ನಿ. ಒಟ್ಟಿಗೆ ಕೂತು ಲೆಕ್ಕ ಮಾಡೋಣ. ಫೈನಾನ್ಸ್ ಕಚೇರಿಗೆ ಹೋಗುವ ದಿನ ನಮ್ಮಲ್ಲಿ ಇಬ್ಬರು ನಿಮ್ಮ ಜೊತೆ ಬರುತ್ತೇವೆ.