ವರ್ತಕರ ಪತ್ರಗಳಲ್ಲಿ ಕಂಡ ಧರ್ಮ

ಕರ್ನಾಟಕದ ನಾನಾ ಜಿಲ್ಲೆಗಳಿಂದ, ಕಾಸರಗೋಡಿನಿಂದ ಬಂದು ದುಬೈ, ಅಬುಧಾಬಿಗಳಲ್ಲಿ ನೆಲೆ ನಿಂತಿರುವ ಕನ್ನಡ ಬಂಧುಗಳೇ, ಈ ಸಮಾವೇಶದ ಅಧ್ಯಕ್ಷತೆಯ ಗೌರವವನ್ನು ನನಗೆ ಕೊಟ್ಟಿದ್ದೀರಿ.

ಇತಿಹಾಸದಲ್ಲಿ ಧರ್ಮದ ಪಾತ್ರವೇನು ಎಂದು ಕೇಳಿದರೆ ನಮ್ಮ ಮಕ್ಕಳಿಗೆ ಮೊದಲು ನೆನಪಾಗುವುದು ದಂಡಯಾತ್ರೆ, ದೇಶ ವಿಭಜನೆ. ಅವೆಲ್ಲ ನಡೆದದ್ದೇ, ಮುಚ್ಚಿಡಬೇಕಾಗಿಲ್ಲ. ಆದರೆ ಕಡಲ ವರ್ತಕರ ಕಾಗದಪತ್ರಗಳನ್ನು ತೆರೆದು ಕೂತರೆ ಅಷ್ಟೇ ಗಟ್ಟಿಯಾದ ಇನ್ನೊಂದು ಇತಿಹಾಸ ಸಿಗುತ್ತದೆ. ಅದರಲ್ಲಿ ನಮ್ಮ ಮಂಗಳೂರು ಇದೆ.

ಟುನೀಶಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 12ನೇ ಶತಮಾನದಲ್ಲಿ ಹಲವು ವರ್ಷ ನಮ್ಮ ಪಶ್ಚಿಮ ಕರಾವಳಿಯಲ್ಲಿ ಬಾಳಿದ. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟಿದ್ದ. ಅವನಿಗೆ ಏಡನ್‌ನಿಂದ ಬಂದ ಪತ್ರಗಳು ಕೈರೋದ ಯಹೂದಿ ಪ್ರಾರ್ಥನಾ ಮಂದಿರವೊಂದರ ಕೋಣೆಯಲ್ಲಿ ಶತಮಾನಗಳ ಕಾಲ ಉಳಿದುಕೊಂಡವು. ಭಾಷೆ ಅರಬ್ಬೀ, ಲಿಪಿ ಹೀಬ್ರೂ. ಮಂಗಳೂರಿನಿಂದ ಅಡಿಕೆ, ಮೆಣಸು, ಕಬ್ಬಿಣ ಹೋಗುತ್ತಿತ್ತು. ಏಡನ್‌ನಿಂದ ಬರೆಯುವ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿತ್ತು. ಏಡನ್‌ನ ಯಹೂದಿ ವರ್ತಕ ಮದ್ಮೂನ್ ಒಂದು ಪತ್ರದಲ್ಲಿ ಮಂಗಳೂರಿನ ಬನಿಯ ವರ್ತಕರ ಹೆಸರು ಹೇಳಿ, ಅವರೊಡನೆ ಪಾಲುದಾರಿಕೆಯಲ್ಲಿ ಹಡಗು ಕಳಿಸುವ ಮಾತೆತ್ತುತ್ತಾನೆ. ಬೆನ್ ಯಿಜುವಿನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ನೋಡುತ್ತಿದ್ದವನು ನಮ್ಮ ಕಡೆಯ ಬೊಮ್ಮ. ಅವನು ಗುಲಾಮ, ಆ ಕಾಲವನ್ನು ಹೊಗಳಿ ಅಟ್ಟಕ್ಕೇರಿಸುವ ಆಸೆ ನನಗಿಲ್ಲ. ಆದರೂ ಪತ್ರ ಬರೆದವರು ಅವನನ್ನು ಗೌರವದಿಂದ ವಿಚಾರಿಸಿಕೊಂಡಿದ್ದಾರೆ. ಈ ಬೊಮ್ಮನ ಜಾಡು ಹಿಡಿದು ಲೇಖಕ ಅಮಿತಾವ್ ಘೋಷ್ ಮಂಗಳೂರಿಗೆ ಬಂದಾಗ ನೆರವಾದವರಲ್ಲಿ ನಮ್ಮ ವಿದ್ವಾಂಸರಾದ ಬಿ.ಎ. ವಿವೇಕ ರೈ ಅವರೂ ಒಬ್ಬರು.

ಆ ವರ್ತಕರಲ್ಲಿ ಯಾರೂ ತಮ್ಮ ದೇವರನ್ನು ಬಿಟ್ಟುಕೊಡಲಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರು ನಂಬಿ ಸರಕು ಹೇರಿದರು. ಸಂಸ್ಕೃತಿಗಳ ನಡುವಿನ ತಿಳಿವಳಿಕೆ ಹುಟ್ಟುವುದು ಹೀಗೆ, ಕೊಡುಕೊಳ್ಳುವಿಕೆಯಲ್ಲಿ ಎಂಬುದೇ ನನ್ನ ದೃಢವಾದ ನಂಬಿಕೆ.

ಅಬುಧಾಬಿಯ ಸಾದಿಯಾತ್ ದ್ವೀಪದಲ್ಲಿ 2023ರಲ್ಲಿ ಮಸೀದಿ, ಚರ್ಚು, ಸಿನಗಾಗ್ ಮೂರೂ ಒಂದೇ ಆವರಣದಲ್ಲಿ ತೆರೆದವು. ಅಲ್ಲಿನ ಸಿನಗಾಗ್‌ಗೆ ಮೋಸೆಸ್ ಬೆನ್ ಮೈಮನ್ ಎಂಬ, ಅದೇ 12ನೇ ಶತಮಾನದ ಯಹೂದಿ ಮಹಾ ಪಂಡಿತನ ಹೆಸರಿದೆ. ಅವನ ತಮ್ಮ ಡೇವಿಡ್ ವ್ಯಾಪಾರಕ್ಕೆಂದು ಭಾರತದತ್ತ ಹೊರಟು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ. ಆ ದುಃಖದಲ್ಲಿ ಅಣ್ಣ ವರ್ಷಗಟ್ಟಲೆ ಬೆಂದ. ಆ ಸಿನಗಾಗ್‌ಗೆ ಹೋದಾಗ ನಿಮ್ಮ ಮಕ್ಕಳಿಗೆ ಈ ಸಂಗತಿ ಹೇಳಿ.

ಬರ್ ದುಬೈಯಲ್ಲಿ ಹಿಂದೂ ಮಂದಿರ 1958ರಲ್ಲೇ ತೆರೆದಿತ್ತು. ಊದ್ ಮೇಥಾದ ಸೇಂಟ್ ಮೇರಿಸ್ ಚರ್ಚು 1967ರದು. 2012ರಲ್ಲಿ ಜೆಬೆಲ್ ಅಲಿಯ ಗುರುದ್ವಾರ, 2024ರ ಫೆಬ್ರವರಿ 14ರಂದು ಅಬು ಮುರೈಖಾದ ಬಿಎಪಿಎಸ್ ಮಂದಿರ ಬಾಗಿಲು ತೆರೆದವು. ಜಾಗ ಕೊಟ್ಟದ್ದು ಈ ನೆಲದ ದೊರೆಗಳ ಔದಾರ್ಯ. ನಾವು ಅದಕ್ಕೆ ಋಣಿಗಳು. ಆದರೆ ಪಕ್ಕದ ಫ್ಲ್ಯಾಟಿನವರ ಹಬ್ಬ ಯಾವಾಗ, ಅವರು ಏನು ಉಣ್ಣುವುದಿಲ್ಲ, ಯಾವ ದಿನ ಉಪವಾಸ ಎಂದು ತಿಳಿದುಕೊಳ್ಳುವ ಕೆಲಸವನ್ನು ಯಾವ ಸರ್ಕಾರವೂ ನಮ್ಮ ಪರವಾಗಿ ಮಾಡಲಾರದು.

ಇಲ್ಲಿ ಒಂದೇ ಕೋಣೆಯಲ್ಲಿ ಬಂಟರು, ಬ್ಯಾರಿಗಳು, ಕೊಂಕಣಿ ಕ್ರೈಸ್ತರು ಕೂಡಿ ಬಾಳುತ್ತೇವೆ. ಊರಿಗೆ ಫೋನ್ ಮಾಡಿದರೆ ಬೇರೆಯದೇ ಸುದ್ದಿ. ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನವನ್ನು ಕಟ್ಟಿಸಿದವನು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕ ಎಂದು ಊರವರೆಲ್ಲ ಹೇಳುತ್ತಾರೆ. ಶಾಂಭವಿ ನದಿಯಲ್ಲಿ ಅವನ ಹಡಗು ನಿಂತುಹೋದ ಕಥೆ ತುಳುನಾಡಿನ ಮನೆಮನೆಗೂ ಗೊತ್ತು. ಜಾತ್ರೆಯಲ್ಲಿ ಅವನ ಮನೆತನಕ್ಕೆ ಪ್ರಸಾದ ಸಲ್ಲುವ ಸಂಪ್ರದಾಯವೂ ಇದೆ. 2022ರ ಮಾರ್ಚ್‌ನಲ್ಲಿ ಅದೇ ಬಪ್ಪನಾಡಿನ ಜಾತ್ರೆಗೆ ಮುಸ್ಲಿಂ ವ್ಯಾಪಾರಿಗಳು ಬರಬಾರದೆಂಬ ಬ್ಯಾನರ್ ಎದ್ದಿತು. ಅದನ್ನು ಓದಿ ನನಗೆ ಆದ ಸಂಕಟವನ್ನು ಈ ವೇದಿಕೆಯಲ್ಲಿ ಹೇಳದೆ ಇರಲಾರೆ. ತಪ್ಪನ್ನು ತಪ್ಪೆನ್ನಬೇಕು. ಊರಿಗೆ ಹಣ ಕಳಿಸುವ ನಾವು ನಮ್ಮೂರಿನ ದೇವಸ್ಥಾನ, ಮಸೀದಿ, ಚರ್ಚುಗಳ ಸಮಿತಿಗಳಿಗೆ ಈ ಮಾತನ್ನೂ ಕಳಿಸಬೇಕು.

ಇನ್ನು ಎರಡು ಕೋರಿಕೆ. ವಾರದ ರಜೆಯಲ್ಲಿ ಇಲ್ಲಿ ಕನ್ನಡ ಕಲಿಸುವ ಮೇಷ್ಟ್ರುಗಳು, ಟೀಚರಮ್ಮಂದಿರು ಬೊಮ್ಮ ಮತ್ತು ಬಪ್ಪ ಬ್ಯಾರಿಯನ್ನು ಪಾಠಕ್ಕೆ ತೆಗೆದುಕೊಳ್ಳಲಿ. ತೈಲದ ಹಣ ಹರಿಯುವ ಮೊದಲೇ ಹಡಗಿನಲ್ಲಿ ಇಲ್ಲಿಗೆ ಬಂದ ಹಿರಿಯರ ಪಾಸ್‌ಪೋರ್ಟು, ಮನೆಗೆ ಬರೆದ ಕಾಗದ, ಅಂಗಡಿಯ ಲೆಕ್ಕದ ಪುಸ್ತಕ ಯಾರ ಮನೆಯಲ್ಲಿದ್ದರೂ ಎಸೆಯಬೇಡಿ. ಪ್ರತಿ ತೆಗೆಸಿ ನಿಮ್ಮ ನಿಮ್ಮ ಸಂಘಗಳಿಗೆ ಕೊಡಿ. ಮಧ್ಯಾಹ್ನದ ಗೋಷ್ಠಿಯಲ್ಲಿ ಇವೆರಡನ್ನೂ ನಿರ್ಣಯವಾಗಿ ಮಂಡಿಸುತ್ತೇನೆ. ದಯವಿಟ್ಟು ಎಲ್ಲರೂ ಕೂತು ಅನುಮೋದಿಸಿ.